ಆಮೆನ್ ಅನ್ನುವ ಮುಂಚೆ

ಗೋಕಾಕ, ಮೂಡಲಗಿ ಸೀಮೆಯ ಕುಲಗೋಡ, ಕೌಜಲಗಿ ಎಂಬ ಹೆಸರು ಕೇಳಿದ ಕೂಡಲೇ ಉತ್ತರ ಕರ್ನಾಟಕದ ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತ ನೆನಪಾಗುತ್ತದೆ. ಆ ಆಟವನ್ನು ತಿದ್ದಿ ಜನರ ನಾಲಿಗೆಗೆ ಹತ್ತಿಸಿದವರು ಕುಲಗೋಡ ತಮ್ಮಣ್ಣ, ರಂಗದ ಮೇಲೆ ಅದಕ್ಕೆ ಹೆಸರು ತಂದವರು ಕೌಜಲಗಿ ನಿಂಗಮ್ಮ. ರಾತ್ರಿಯಿಡೀ ಕೂತು ಪಾರಿಜಾತ ನೋಡಿದ ಜನ ಬೆಳಗಾದ ಮೇಲೆ ಕಟ್ಟೆಯ ಮೇಲೆ ಕೂತು ಯಾರ ಮಾತು ಗಟ್ಟಿ, ಯಾರದು ಜೊಳ್ಳು ಎಂದು ತೀರ್ಪು ಕೊಡುತ್ತಿದ್ದರು. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಅವರು ಇದೇ ನಿಷ್ಠುರ ಕಿವಿಯನ್ನು ಕಾದಂಬರಿಗೆ ತಂದರು. ಧರ್ಮದ ಪೀಠದಲ್ಲಿ ಕೂತು ಮೋಸ ಮಾಡುವವರನ್ನು ‘ಮೋಹದ ಬಲೆಯಲ್ಲಿ’, ‘ಜರತಾರಿ ಜಗದ್ಗುರು’ ಕಾದಂಬರಿಗಳಲ್ಲಿ ಬಯಲಿಗೆಳೆದರು. ಗುರುವಿನ ಮಾತನ್ನೂ ತೂಗಿ ನೋಡಬೇಕೆಂಬುದು ಈ ನೆಲಕ್ಕೆ ಹೊಸ ಪಾಠವಲ್ಲ.

ಆದರೂ ಇದೇ ಸೀಮೆಯ ಪ್ರಾರ್ಥನಾ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಆ ಕಿವಿ ಮಂದವಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕ್ರೈಸ್ತರು ಸಣ್ಣ ಸಮುದಾಯ. ಕೆಲವರು ಹಳೆಯ ಮಿಷನ್ ಸಭೆಗಳಿಗೆ ಸೇರಿದವರು, ಕೆಲವರು ಕ್ಯಾಥೊಲಿಕರು. ಇನ್ನು ಹಲವರು ಯಾರದೋ ಪಡಸಾಲೆಯಲ್ಲಿ, ಪತ್ರಾಸು ಹೊದಿಸಿದ ಶೆಡ್ಡಿನಲ್ಲಿ, ಬಾಡಿಗೆಯ ಮಳಿಗೆಯಲ್ಲಿ ಕೂಡುತ್ತಾರೆ. ಅಲ್ಲಿ ಪಾಸ್ಟರು ‘ದೇವರು ನನ್ನ ಸಂಗಡ ಮಾತಾಡಿದ್ರು’ ಅಂದರೆ ಸಾಕು, ಕೇಳುವವರ ಬಾಯಿಂದ ಆಮೆನ್ ತಾನಾಗಿ ಬರುತ್ತದೆ. ಆ ಆಮೆನ್‌ನಲ್ಲಿ ಪ್ರೀತಿಯಿದೆ, ಕಷ್ಟದ ದಿನಗಳಲ್ಲಿ ಕೈಹಿಡಿದವರ ಋಣವಿದೆ. ಅದನ್ನು ಹಗುರವಾಗಿ ನೋಡಬಾರದು. ಆದರೆ ಅದೇ ಆಮೆನ್ ಮೋಸಗಾರನ ಕೈಯಲ್ಲಿ ಸಹಿ ಹಾಕಿದ ಖಾಲಿ ಕಾಗದವಾಗುತ್ತದೆ. ಸವಿಮಾತಿನ ಮೋಸದಿಂದ ಸಭೆಯನ್ನು ಕಾಯುವ ಕೆಲಸ ಮೊದಲಿಗೆ ಜಮಖಾನೆಯ ಮೇಲೆ ಕೂತು ಕೇಳುವ ವಿಶ್ವಾಸಿಗಳದ್ದು. ಪ್ರಶ್ನೆ ಕೇಳುವುದು ಅವಿಶ್ವಾಸ ಎಂದು ಹೆದರಿಸಿ ಆ ಕೆಲಸವನ್ನು ಅವರಿಂದ ಕಸಿಯಲಾಗಿದೆ.

ಈ ಆತಂಕ ಕ್ರೈಸ್ತ ಸಭೆಯಷ್ಟೇ ಹಳೆಯದು. ಈಗಿನ ಟರ್ಕಿ ದೇಶದಲ್ಲಿದ್ದ ಕೊಲೊಸ್ಸೆ ಎಂಬ ಊರಿನ ಸಣ್ಣ ಸಭೆಗೆ ಪೌಲನ ಹೆಸರಿನಲ್ಲಿ ಹೋದ ಪತ್ರದ ಎರಡನೆಯ ಅಧ್ಯಾಯ ಹೆಚ್ಚುಕಡಿಮೆ ಇದೇ ಎಚ್ಚರಿಕೆಗೆ ಮೀಸಲಾಗಿದೆ. ಒಪ್ಪುವಂತೆ ಮಾತಾಡಿ ದಾರಿ ತಪ್ಪಿಸುವವರು ಬರುತ್ತಾರೆ, ದರ್ಶನ ಕಂಡೆನೆಂದು ಉಬ್ಬುತ್ತಾರೆ, ಇದನ್ನು ಮುಟ್ಟಬೇಡ ಅದನ್ನು ತಿನ್ನಬೇಡ ಎಂದು ನೊಗ ಹೊರಿಸುತ್ತಾರೆ ಎಂಬುದು ಅದರ ಸಾರ. ಪತ್ರ ಬರೆದದ್ದು ಊರಿನ ಅಧಿಕಾರಿಗಲ್ಲ, ಸಭೆಯ ಮುಖಂಡನೊಬ್ಬನಿಗೂ ಅಲ್ಲ. ಇಡೀ ಸಭೆಯ ಮುಂದೆ ಓದಿ ಹೇಳಲು, ಆಮೇಲೆ ಪಕ್ಕದ ಲವೊದಿಕೀಯದ ಸಭೆಗೂ ಕಳಿಸಲು ಬರೆದದ್ದು. ಎಚ್ಚರವಾಗಿರುವುದು ಎಲ್ಲರ ಪಾಲಿನ ಕೆಲಸ ಎಂಬ ತಿಳಿವಳಿಕೆ ಅದರಲ್ಲೇ ಇದೆ.

ಬೆಳಗಾವಿ ಸೀಮೆಗೆ ಪ್ರೊಟೆಸ್ಟೆಂಟ್ ಮಿಷನ್ ಬಂದು ಎರಡು ಶತಮಾನ ಕಳೆದಿದೆ. ಲಂಡನ್ ಮಿಷನ್‌ನ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. ಅವರ ಜೊತೆಗಾರ ವಿಲಿಯಂ ಬೆನನ್ ಹೆಸರು ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯಲ್ಲಿ ಉಳಿದಿದೆ. 1904ರಲ್ಲಿ ಈ ಕ್ಷೇತ್ರವನ್ನು ಮೆಥೊಡಿಸ್ಟರು ವಹಿಸಿಕೊಂಡರು. 1953ರಲ್ಲಿ ಬೆಳಗಾವಿ ಕ್ಯಾಥೊಲಿಕ್ ಧರ್ಮಪ್ರಾಂತ್ಯವಾಯಿತು. ಇಂಥ ಹಳೆಯ ಸಭೆಗಳಲ್ಲಿ ಬಿಷಪ್ಪರಿದ್ದಾರೆ, ಪಾಸ್ಟರಿಗೆ ವರ್ಗಾವಣೆಯಿದೆ, ಲೆಕ್ಕ ಕೇಳಲು ಒಂದು ಸಮಿತಿಯಿದೆ. ಅಲ್ಲಿ ತಪ್ಪು ನಡೆಯುವುದಿಲ್ಲ ಎಂದಲ್ಲ. ನಡೆದಾಗ ದೂರು ಕೊಡಲು ಒಂದು ಬಾಗಿಲಾದರೂ ಇರುತ್ತದೆ. ಸ್ವತಂತ್ರ ಪ್ರಾರ್ಥನಾ ಕೂಟಗಳಲ್ಲಿ ಬಹಳ ಸಲ ವಾಕ್ಯ ಹೇಳುವವನು, ಕಾಣಿಕೆ ಎತ್ತುವವನು, ಬ್ಯಾಂಕಿನ ಖಾತೆ ನೋಡುವವನು, ಗಂಡಹೆಂಡಿರ ಜಗಳ ಬಿಡಿಸುವವನು ಒಬ್ಬನೇ. ಅವನು ಒಳ್ಳೆಯವನಾಗಿದ್ದರೆ ಸಭೆಯ ಅದೃಷ್ಟ.

ಮಾತಿಗೆ ಮರುಳಾಗುವವರು ಓದುಬರಹ ಬಾರದವರು ಮಾತ್ರ ಎಂದುಕೊಳ್ಳುವ ಪಟ್ಟಣದ ಜನರಿಗೆ ಮಲಸಮುದ್ರದ ಕಥೆ ಹೇಳಬೇಕು. 1840ರ ಆಸುಪಾಸಿನಲ್ಲಿ ಕಾಲಜ್ಞಾನಿಗಳೆಂದು ಕರೆಸಿಕೊಳ್ಳುತ್ತಿದ್ದ ಪಂಥದವರು ಹುಬ್ಬಳ್ಳಿ ಕಡೆಯ ಬಾಸೆಲ್ ಮಿಷನ್‌ನವರನ್ನು ಕಂಡರು. ತಮ್ಮ ಕಾಲಜ್ಞಾನದ ಹೊತ್ತಗೆಗಳಲ್ಲಿ ಮುಂದೆ ಬರಲಿರುವ ಗುರುಗಳ ಸೂಚನೆಯಿದೆ, ಅವರು ನೀವೇ ಎಂಬಂತೆ ಅವರ ಮಾತಿತ್ತು. ಜರ್ಮನ್ ವಿಶ್ವವಿದ್ಯಾಲಯದಲ್ಲಿ ಓದಿದ ಹೆರ್ಮನ್ ಮೊಗ್ಲಿಂಗ್ ಅಂಥವರಿದ್ದ ಮಿಷನ್ ಅದು. ಒಂದು ಇಡೀ ಪಂಗಡವೇ ಸಭೆಗೆ ಸೇರಲಿದೆ ಎಂಬ ಆಸೆ ಅವರಲ್ಲಿ ಚಿಗುರಿತು. ಬರುವವರ ವಸತಿಗೆಂದು ಗದುಗಿನ ಹತ್ತಿರ ಮಲಸಮುದ್ರದಲ್ಲಿ ನೆಲೆ ಕಟ್ಟಲಾಯಿತು. ಎಣಿಸಿದ ಜನ ಬರಲಿಲ್ಲ, ಯೋಜನೆ ನೆಲಕಚ್ಚಿತು. ಬಂದವರೆಲ್ಲ ಮೋಸಗಾರರೆಂದು ತೀರ್ಪು ಕೊಡುವುದು ಅನ್ಯಾಯ. ಅವರಿಗೂ ಅವರದೇ ನಂಬಿಕೆ, ಅವರದೇ ಕಷ್ಟಗಳಿದ್ದವು. ಗಮನಿಸಬೇಕಾದ ಸಂಗತಿ ಮಿಷನರಿಗಳ ಕಡೆಯದು. ಅವರು ಯಾವ ಮಾತಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿದ್ದರೋ ಅದೇ ಮಾತು ಮನೆಬಾಗಿಲಿಗೆ ಬಂತು. ಬೇಕಾದ ಮಾತು ಕಿವಿಗೆ ಬಿದ್ದಾಗ ಪಂಡಿತನೂ ಪರೀಕ್ಷೆ ಮರೆಯುತ್ತಾನೆ.

ಇಂದು ಬೇಕಾದ ಮಾತುಗಳು ಯಾವುವೆಂದು ಈ ಮೂರು ತಾಲ್ಲೂಕುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಸಾಲ ತೀರುತ್ತದೆ, ಬೇನೆ ವಾಸಿಯಾಗುತ್ತದೆ, ಮಗಳಿಗೆ ವರ ಬರುತ್ತಾನೆ, ಕುಡಿತ ಬಿಡುತ್ತಾನೆ. ಇವುಗಳಿಗಾಗಿ ಪ್ರಾರ್ಥಿಸುವುದು ತಪ್ಪಲ್ಲ. ಕುಡಿತ ಬಿಟ್ಟು ಬಾಳು ಕಟ್ಟಿಕೊಂಡವರು ಪ್ರತಿ ಸಭೆಯಲ್ಲೂ ಸಿಗುತ್ತಾರೆ, ಅವರ ಸಾಕ್ಷಿ ನಿಜ. ಮೋಸ ಶುರುವಾಗುವುದು ಪ್ರಾರ್ಥನೆ ಹೋಗಿ ಕರಾರು ಬಂದಾಗ. ಇಷ್ಟು ಕೊಡು, ಇಷ್ಟು ದಿನದಲ್ಲಿ ಆಗುತ್ತದೆ, ಆಗದಿದ್ದರೆ ನಿನ್ನ ವಿಶ್ವಾಸದಲ್ಲೇ ಕೊರತೆ. ಈ ಮಾತಿನ ಕಟ್ಟು ಎಷ್ಟು ಬಿಗಿಯಾಗಿದೆ ನೋಡಬೇಕು. ಆಯಿತೆಂದರೆ ಕೀರ್ತಿ ಹೇಳಿದವನಿಗೆ, ಆಗದಿದ್ದರೆ ತಪ್ಪು ಕೇಳಿದವಳದ್ದು.

ವ್ಯಕ್ತಿಯ ಗುಟ್ಟು ಹೇಳಿ ಬೆರಗುಗೊಳಿಸುವ ಪ್ರವಾದನೆಯದು ಬೇರೆಯೇ ಬಗೆ. ಅಮೆರಿಕದ ಪ್ರಸಂಗಿ ಪೀಟರ್ ಪೊಪಾಫ್ ಸಾವಿರಾರು ಜನರ ಕೂಟದಲ್ಲಿ ಅಪರಿಚಿತರ ಹೆಸರು, ವಿಳಾಸ, ರೋಗ ಹೇಳುತ್ತಿದ್ದ. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಸಂಗಡಿಗರು ರೇಡಿಯೊ ಯಂತ್ರ ಹಿಡಿದು ಕೂಟಕ್ಕೆ ಹೋದರು. ಪೊಪಾಫ್‌ನ ಕಿವಿಯಲ್ಲಿ ಅಡಗಿದ್ದ ಸಣ್ಣ ಸಾಧನಕ್ಕೆ ಅವನ ಹೆಂಡತಿ 39.17 ಮೆಗಾಹರ್ಟ್ಸ್ ತರಂಗದಲ್ಲಿ ಮಾಹಿತಿ ಕಳಿಸುತ್ತಿದ್ದಳು. ಕೂಟಕ್ಕೆ ಮುಂಚೆ ಜನರೇ ತುಂಬಿ ಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಓದಿ ಹೇಳುತ್ತಿದ್ದಳು. ಈ ತಂಡ ಹಿಡಿದ ಅವಳ ಮಾತಿನ ಧ್ವನಿಮುದ್ರಣ ಟಿವಿಯಲ್ಲಿ ಬಿತ್ತರವಾಯಿತು, ಮರುವರ್ಷ ಪೊಪಾಫ್ ದಿವಾಳಿ ಎದ್ದ. ಇದಕ್ಕಿಂತ ದೊಡ್ಡ ಪಾಠ ಆಮೇಲಿನದು: ಕೆಲವು ವರ್ಷಗಳಲ್ಲಿ ಅವನು ಮತ್ತೆ ಟಿವಿಗೆ ಬಂದ, ಜನ ಮತ್ತೆ ಹಣ ಕಳಿಸಿದರು. ಈಗ ಕಿವಿಯ ಸಾಧನವೂ ಬೇಕಿಲ್ಲ. ಯಾರ ಮನೆಯಲ್ಲಿ ಆಪರೇಷನ್, ಯಾರ ಮಗ ಫೇಲ್, ಯಾರ ಮದುವೆ ಮುರಿಯಿತು ಎಂಬುದೆಲ್ಲ ಫೇಸ್‌ಬುಕ್ಕಿನಲ್ಲಿ, ಸಭೆಯ ವಾಟ್ಸ್ಆ್ಯಪ್ ಗುಂಪಿನ ಪ್ರಾರ್ಥನಾ ವಿನಂತಿಗಳಲ್ಲಿ ಬಿದ್ದಿರುತ್ತದೆ. ಹೊರಗಿನಿಂದ ಬಂದ ಪ್ರಸಂಗಿ ಅದನ್ನೇ ದರ್ಶನವೆಂದು ಹೇಳಿದರೆ ತಾಯಂದಿರು ಕಣ್ಣೀರಿಡುತ್ತಾರೆ.

ಬೇನೆಯ ವಿಚಾರದಲ್ಲಂತೂ ಮಾತು ಪ್ರಾಣ ತೆಗೆಯಬಲ್ಲದು. ಕ್ಷಯರೋಗದ ಗುಳಿಗೆಯನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರವಾದಾಗ ಗುಣವಾಯಿತು ಎಂದು ಸಾಕ್ಷಿ ಹೇಳಿಸಿ ಗುಳಿಗೆ ಬಿಡಿಸಿದರೆ ರೋಗ ಔಷಧಿಗೆ ಬಗ್ಗದಂತೆ ಬಲಿತು ಮರಳಬಹುದು, ಮನೆಯ ಮಕ್ಕಳಿಗೂ ತಗುಲಬಹುದು. ಇನ್ಸುಲಿನ್, ಮೂರ್ಛೆರೋಗದ ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ. ಮಂತ್ರ, ತಾಯಿತ, ಪವಾಡದ ಮದ್ದುಗಳಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ ವಾಸಿಯಾಗುತ್ತವೆಂದು ಜಾಹೀರಾತು ಮಾಡುವುದನ್ನು 1954ರ ಕೇಂದ್ರ ಕಾಯ್ದೆ ತಡೆಯುತ್ತದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಡಿ ಅಪರಾಧ. ವೈದ್ಯನ ಬಳಿಗೆ ಹೋಗುವುದು ವಿಶ್ವಾಸದ ಕೊರತೆ ಎನ್ನುವವರು ಬೈಬಲ್ಲಿನ ಲೂಕನನ್ನು ಮರೆತವರು. ಕೊಲೊಸ್ಸೆಯ ಅದೇ ಪತ್ರದ ಕೊನೆಯಲ್ಲಿ ಪೌಲನ ಸಂಗಡ ವಂದನೆ ಹೇಳುವ ಪ್ರಿಯ ಲೂಕ ವೈದ್ಯನಾಗಿದ್ದ.

ಇನ್ನು ಹಣ. 2025ರ ಫೆಬ್ರುವರಿಯಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ಕಟ್ಟಲಾರದೆ ಕಂಗಾಲಾದ ಹೆಣ್ಣುಮಗಳಿಗೆ ‘ಬೀಜ ಬಿತ್ತು, ನೂರ್ಮಡಿ ಬೆಳೆ’ ಎಂಬ ಮಾತು ಎಷ್ಟು ತಂಪಾಗಿ ಕೇಳಿಸುತ್ತದೆಂದು ಹೇಳಬೇಕಿಲ್ಲ. ಅವಳು ಒಂದು ಕಂತಿನ ದುಡ್ಡನ್ನು ಕಾಣಿಕೆ ಚೀಲಕ್ಕೆ ಹಾಕುತ್ತಾಳೆ. ಬೀಜದ ಉಪಮಾನ ಹೇಳಿದವನಿಗೆ ಮಳೆ ತಪ್ಪಿದರೂ ಬೆಳೆ ಬರುತ್ತದೆ, ಅವಳಿಗಷ್ಟೇ ಹೊಲ ಬರಡು.

ಇದೇ ಜನ ಹೊಲದ ವಿಚಾರದಲ್ಲಿ ಹೀಗೆ ಮೋಸ ಹೋಗುವವರಲ್ಲ. 2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲಿರುಳು ಕೂತದ್ದನ್ನು ರಾಜ್ಯವೇ ನೋಡಿತು. ಟನ್ನಿಗೆ 3,500 ರೂಪಾಯಿ ಕೇಳಿದರು, ಕಡೆಗೆ ಸರ್ಕಾರ 3,300 ಎಂದು ಹೇಳಬೇಕಾಯಿತು. ಇಳುವರಿ ಶೇಕಡಾ ಎಷ್ಟು, ಕಟಾವಿನ ಕೂಲಿ ಎಷ್ಟು, ಸಾಗಣೆ ಎಷ್ಟು, ತೂಕದ ಕಾಟಾ ಯಾರದು ಎಂದು ಒಂದೊಂದನ್ನೂ ಬಿಡಿಸಿ ಕೇಳಿದರು. ಕಾರ್ಖಾನೆಯ ಮಾಲೀಕನನ್ನು ಲೆಕ್ಕ ಕೇಳಿದರೆ ಪಾಪ ಬರುತ್ತದೆಂದು ಅಲ್ಲಿ ಯಾರೂ ಹೆದರಲಿಲ್ಲ. ಆ ಧೈರ್ಯದ ಸ್ವಲ್ಪ ಭಾಗ ಭಾನುವಾರಕ್ಕೂ ಉಳಿದರೆ ಕಾಣಿಕೆಯ ಚೀಲದ ಲೆಕ್ಕ ಸಭೆಯ ಗೋಡೆಯ ಮೇಲೆ ಬರುತ್ತದೆ.

ದೊಡ್ಡ ಸಂಸ್ಥೆಗಳ ಲೆಕ್ಕವನ್ನೂ ಸಾಮಾನ್ಯ ದಾನಿಗಳೇ ಕೇಳಿದ ಉದಾಹರಣೆಯಿದೆ. ಕೇರಳದಲ್ಲಿ ಬಿಲೀವರ್ಸ್ ಚರ್ಚ್ ಕಟ್ಟಿದ ಕೆ.ಪಿ. ಯೋಹನ್ನಾನ್ ಅವರ ಗಾಸ್ಪೆಲ್ ಫಾರ್ ಏಷ್ಯಾ ಸಂಸ್ಥೆ, ಬಡವರ ಹೆಸರಿನಲ್ಲಿ ಕೊಟ್ಟ ಹಣವನ್ನು ಬೇರೆಡೆಗೆ ತಿರುಗಿಸಿತೆಂದು ಅಮೆರಿಕದ ದಾನಿಗಳು ನ್ಯಾಯಾಲಯಕ್ಕೆ ಹೋದರು. ಸಂಸ್ಥೆ ತಪ್ಪೊಪ್ಪಿಕೊಳ್ಳಲಿಲ್ಲ. ಆದರೂ 2019ರಲ್ಲಿ 3.7 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು.

ಪಂಜಾಬಿನ ಬಜಿಂದರ್ ಸಿಂಗ್ ಪ್ರಕರಣ ಇನ್ನೂ ಹಸಿಯಾಗಿದೆ. ಪ್ರವಾದಿ ಎಂದು ಕರೆಸಿಕೊಳ್ಳುತ್ತಿದ್ದ, ರೋಗ ವಾಸಿಮಾಡುವ ವಿಡಿಯೊಗಳಿಂದ ದೇಶವೆಲ್ಲ ಹೆಸರು ಮಾಡಿದ್ದ ಈ ಪಾಸ್ಟರನಿಗೆ 2025ರ ಏಪ್ರಿಲ್ 1ರಂದು ಮೊಹಾಲಿಯ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ದೂರು 2018ರದು. ವಿದೇಶಕ್ಕೆ ಕಳಿಸುತ್ತೇನೆಂಬ ಆಸೆ ತೋರಿಸಿ ಮೋಸ ಮಾಡಿದನೆಂದು ಮಹಿಳೆ ಹೇಳಿದ್ದರು. ದೂರಿಗೂ ತೀರ್ಪಿಗೂ ನಡುವಿನ ಏಳು ವರ್ಷ ಅವನ ಕೂಟಗಳು ತುಂಬಿ ತುಳುಕಿದವು. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಮೊಬೈಲು ಹಿಡಿದು ಕೂತ ಹುಡುಗನಿಗೂ ಅವನ ವಿಡಿಯೊ ತಲುಪುತ್ತಿತ್ತು. ದೂರು ಕೊಟ್ಟವಳ ಮಾತು ಮಾತ್ರ ತಲುಪಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸಭೆಗಳು ಯಾಕೆ ಬಾಯಿ ಬಿಡುವುದಿಲ್ಲ? ಈ ಸೀಮೆಯಲ್ಲಿ ಅದಕ್ಕೊಂದು ನಿಜವಾದ, ನೋವಿನ ಕಾರಣವಿದೆ. ಆಸೆ, ಆಮಿಷ, ವಂಚನೆ, ಒತ್ತಾಯಗಳಿಂದ ಮತಾಂತರ ಮಾಡುವುದನ್ನು ತಡೆಯುತ್ತೇವೆಂಬ ಮಸೂದೆಗೆ ವಿಧಾನಸಭೆ 2021ರ ಡಿಸೆಂಬರ್ 23ರಂದು ಒಪ್ಪಿಗೆ ಕೊಟ್ಟದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಒಂದು ವಾರದೊಳಗೆ ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಲ್ಲಿ ದಲಿತ ಕುಟುಂಬವೊಂದರ ಮನೆಯಲ್ಲಿ ಕ್ರಿಸ್‌ಮಸ್ ಪ್ರಾರ್ಥನೆ ನಡೆಯುವಾಗ ಗುಂಪೊಂದು ನುಗ್ಗಿ, ಮತಾಂತರ ಮಾಡುತ್ತಿದ್ದೀರಿ ಎಂದು ಆರೋಪಿಸಿ ಹೊಡೆಯಿತು. ಹೆಂಗಸರಿಗೂ ಪೆಟ್ಟು ಬಿತ್ತು. ಘಟಪ್ರಭಾ ಪೊಲೀಸರು ಪ್ರಕರಣ ದಾಖಲಿಸಿದರು. 2022ರಲ್ಲಿ ಮಸೂದೆ ಕಾನೂನಾಯಿತು, ಅದನ್ನು ರದ್ದುಮಾಡಲು 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ತೀರ್ಮಾನಿಸಿತು. ಬೆಂಗಳೂರಿನ ತೀರ್ಮಾನಗಳು ಏನೇ ಇರಲಿ, ಮನೆಯ ಬಾಗಿಲು ಹಾಕಿಕೊಂಡು ಮೆಲುದನಿಯಲ್ಲಿ ಹಾಡುವ ಅಭ್ಯಾಸ ಆ ಚಳಿಗಾಲದಿಂದ ಹಲವು ಊರುಗಳಲ್ಲಿ ಹತ್ತಿಕೊಂಡಿತು.

ಮೋಸದಿಂದ ಜನರನ್ನು ಕಾಪಾಡುತ್ತೇವೆಂದು ಬಡಿಗೆ ಹಿಡಿದು ಬಂದವರು ಯಾರನ್ನೂ ಕಾಪಾಡಲಿಲ್ಲ. ತನ್ನ ಮನೆಯಲ್ಲಿ ಯಾವ ದೇವರನ್ನು ಕರೆಯಬೇಕೆಂದು ತಾನೇ ನಿರ್ಧರಿಸುವ ದಲಿತ ಹೆಣ್ಣುಮಗಳ ಬುದ್ಧಿಯನ್ನೇ ಅವರು ಅಲ್ಲಗಳೆದರು. ಅವಳು ಏನು ನಂಬಿದರೂ ಯಾರೋ ಮರುಳು ಮಾಡಿರಬೇಕು ಎಂಬ ಊಹೆ ಅವರದು. ಇದಲ್ಲದೆ ಅವರು ಇನ್ನೊಂದು ಹಾನಿ ಮಾಡಿದರು: ಸಭೆಯೊಳಗಿನ ಪ್ರಶ್ನೆಗಳ ಬಾಯಿ ಮುಚ್ಚಿಸಿದರು. ಹೊರಗೆ ಶತ್ರು ಇರುವಾಗ ಒಳಗಿನ ಮಾತು ಹೊರಗೆ ಹಾಕಬಾರದು ಎಂಬ ವಾದಕ್ಕೆ ಈಗ ಬಲ ಬಂದಿದೆ. ಪಾಸ್ಟರು ಕಟ್ಟಡದ ಹಣವನ್ನು ಸ್ವಂತ ಕಾರಿಗೆ ಹಾಕಿದ್ದನ್ನು ಕೇಳಹೋದ ಯುವಕನಿಗೆ ‘ನೀ ಅವರ ಕಡಿ ಮನಷ್ಯಾ ಆದಿ ಏನ?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಹಿಂಸೆಗೆ ಒಳಗಾದವರ ನೋವೇ ಮೋಸಗಾರನ ಗುರಾಣಿಯಾಗುವುದು ಅತ್ಯಂತ ಕ್ರೂರ. ತುಕ್ಕಾನಟ್ಟಿಯಲ್ಲಿ ಪೆಟ್ಟು ತಿಂದವರಿಗೆ ನ್ಯಾಯ ಕೇಳುವುದೂ ಕಾಣಿಕೆಯ ಲೆಕ್ಕ ಕೇಳುವುದೂ ಒಂದೇ ಸಮುದಾಯ ಒಟ್ಟಿಗೆ ಮಾಡಬೇಕಾದ ಕೆಲಸ. ಮೊದಲನೆಯದಕ್ಕಾಗಿ ಎರಡನೆಯದನ್ನು ಮುಂದೂಡಿದರೆ ಎರಡೂ ದುರ್ಬಲವಾಗುತ್ತವೆ.

ಬಾಯಿ ಮುಚ್ಚಿಸುವ ಇನ್ನೊಂದು ಮಾತು ಬೈಬಲ್ಲಿನಿಂದಲೇ ಬರುತ್ತದೆ: ಅಭಿಷಿಕ್ತರನ್ನು ಮುಟ್ಟಬಾರದು. ಅರಸ ಸೌಲ ತನ್ನ ಕೈಗೆ ಸಿಕ್ಕಾಗ ದಾವೀದ ಕೊಲ್ಲದೆ ಬಿಟ್ಟ ಪ್ರಸಂಗವನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಕಥೆಯನ್ನು ಪೂರ್ತಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಏನ್ಗೆದಿಯ ಗವಿಯಲ್ಲಿ ದಾವೀದ ಸೌಲನ ನಿಲುವಂಗಿಯ ತುದಿ ಮಾತ್ರ ಕತ್ತರಿಸಿಕೊಳ್ಳುತ್ತಾನೆ. ಸೌಲ ಹೊರಗೆ ಹೋದ ಮೇಲೆ ಕೂಗಿ ಕರೆದು, ಅವನು ಮೂರು ಸಾವಿರ ದಂಡಾಳುಗಳೊಂದಿಗೆ ಬಂದಿದ್ದ ಆ ಜಾಗದಲ್ಲೇ, ನೀನು ಮಾಡುತ್ತಿರುವುದು ಅನ್ಯಾಯ ಎಂದು ಬಟ್ಟೆಯ ತುಂಡು ಎತ್ತಿ ತೋರಿಸಿ ಕೇಳುತ್ತಾನೆ. ದಾವೀದ ಬಿಟ್ಟದ್ದು ಕತ್ತಿಯನ್ನು, ಪ್ರಶ್ನೆಯನ್ನಲ್ಲ. ಅದೇ ದಾವೀದ ಅರಸನಾಗಿ ಊರೀಯನ ಹೆಂಡತಿಯ ವಿಚಾರದಲ್ಲಿ ಅಪರಾಧ ಮಾಡಿದಾಗ ನಾತಾನ ಅರಮನೆಗೆ ಹೋಗಿ ಮುಖಕ್ಕೆ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರ ಜಾತಿಭೇದದಂತೆ ಪಂಕ್ತಿಭೇದ ಮಾಡಿದಾಗ ಪೌಲ ಎಲ್ಲರೆದುರು ಅವನನ್ನು ತಡೆಯುತ್ತಾನೆ. ಇಷ್ಟು ದೊಡ್ಡವರನ್ನೆಲ್ಲ ಕೇಳಬಹುದಾದರೆ ಊರಿನ ಪಾಸ್ಟರನ್ನು ಕೇಳಬಾರದೇಕೆ?

ಪರೀಕ್ಷಿಸುವುದು ಹೇಗೆ ಎಂಬುದಕ್ಕೂ ಹಳೆಯವರು ದಾರಿ ಹಾಕಿಟ್ಟಿದ್ದಾರೆ. ಯೆರೆಮೀಯನ ಪುಸ್ತಕದ 28ನೆಯ ಅಧ್ಯಾಯದ ಪ್ರಸಂಗ ಅದರಲ್ಲಿ ಬಲು ಸೊಗಸಾದದ್ದು. ಬಾಬೆಲಿನ ಅರಸನ ನೊಗ ಎರಡೇ ವರ್ಷಗಳಲ್ಲಿ ಮುರಿಯುತ್ತದೆ, ದೋಚಿದ ಸಾಮಾನೆಲ್ಲ ತಿರುಗಿ ಬರುತ್ತದೆ ಎಂದು ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಜನರ ಮುಂದೆ ಘೋಷಿಸುತ್ತಾನೆ. ಎಲ್ಲರೂ ಕೇಳಲು ಕಾತರಿಸುತ್ತಿದ್ದ ಮಾತು ಅದು. ಯೆರೆಮೀಯ ಮೊದಲು ಆಮೆನ್ ಅನ್ನುತ್ತಾನೆ, ಹಾಗೇ ಆಗಲಿ ಎಂದು ಹಾರೈಸುತ್ತಾನೆ. ಆಮೇಲೆ, ಸಮಾಧಾನದ ಪ್ರವಾದನೆ ಹೇಳಿದವನು ನಿಜವಾಗಿ ದೇವರು ಕಳಿಸಿದವನೋ ಅಲ್ಲವೋ ಎಂಬುದು ಮಾತು ನಡೆದಾಗಲೇ ಗೊತ್ತಾಗುತ್ತದೆ ಎಂದು ಶಾಂತವಾಗಿ ನೆನಪಿಸುತ್ತಾನೆ. ಒಳ್ಳೆಯದನ್ನು ಹಾರೈಸಲು ಅಡ್ಡಿಯಿಲ್ಲ, ಒಪ್ಪಲು ಅವಸರವಿಲ್ಲ. ಎರಡು ವರ್ಷ ಎಂದವನ ಮಾತನ್ನು ಬರೆದಿಟ್ಟುಕೊಂಡು ಎರಡು ವರ್ಷದ ಮೇಲೆ ತೆರೆದು ನೋಡುವ ಸಭೆ ಎಷ್ಟಿದೆ? ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಹೇಳಿದ ಪ್ರವಾದನೆಗಳನ್ನು ಮರುವರ್ಷದ ಅದೇ ರಾತ್ರಿ ಓದಿ ತಾಳೆ ನೋಡಿದರೆ ಎಷ್ಟೋ ಗದ್ದಲ ತಾನಾಗಿ ಅಡಗುತ್ತದೆ.

ಸುಮಾರು ಕ್ರಿ.ಶ. ಒಂದನೆಯ ಶತಮಾನದ ಕೊನೆಯ ಹೊತ್ತಿನ ‘ದಿದಾಖೆ’ ಎಂಬ ಗ್ರೀಕ್ ಕೈಪಿಡಿಯಂತೂ ಅಚ್ಚರಿ ಹುಟ್ಟಿಸುವಷ್ಟು ಖಂಡಿತವಾಗಿದೆ. ಅದರ ಹಸ್ತಪ್ರತಿ 1873ರಲ್ಲಿ ಇಸ್ತಾಂಬುಲಿನಲ್ಲಿ ಫಿಲೊಥಿಯೋಸ್ ಬ್ರಿಯೆನ್ನಿಯೋಸ್ ಎಂಬ ಧರ್ಮಾಧಿಕಾರಿಯ ಕಣ್ಣಿಗೆ ಬಿತ್ತು, 1883ರಲ್ಲಿ ಅಚ್ಚಾಯಿತು. ಊರಿಂದೂರಿಗೆ ತಿರುಗುವ ಬೋಧಕರನ್ನು ಪ್ರೀತಿಯಿಂದ ಇಳಿಸಿಕೊಳ್ಳಿ ಎಂದು ಅದು ಹೇಳುತ್ತದೆ. ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಬುತ್ತಿ ಕಟ್ಟಿಕೊಡಿ, ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಆತ್ಮದ ಆವೇಶದಲ್ಲಿ ನನಗೆ ದುಡ್ಡು ಕೊಡಿ ಎಂದವನ ಮಾತು ಕೇಳಬೇಡಿ, ಬೇರೆ ಬಡವರಿಗೆ ಕೊಡಿ ಎಂದರೆ ಅವನ ಬಗ್ಗೆ ತೀರ್ಪು ಬೇಡ. ಊರಲ್ಲೇ ನೆಲೆಸಬೇಕೆಂದರೆ ಕಸುಬು ಮಾಡಿ ಉಣ್ಣಲಿ. ಇಷ್ಟು ಹಳೆಯ ಕಾಲದಲ್ಲೇ ಇಷ್ಟು ಸೂಕ್ಷ್ಮವಾದ ನಿಯಮ ಬೇಕಾಯಿತೆಂದರೆ ತಿರುಗಾಡುವ ಮೋಸಗಾರರ ಕಾಟ ಎಷ್ಟಿರಬೇಕು! ಎರಡನೆಯ ಶತಮಾನದ ವಿಡಂಬನಕಾರ ಲೂಸಿಯನ್, ಪೆರೆಗ್ರಿನಸ್ ಎಂಬವನು ಕ್ರೈಸ್ತರ ಔದಾರ್ಯವನ್ನು ಹೇಗೆ ಬಳಸಿಕೊಂಡನೆಂದು ಗ್ರೀಕಿನಲ್ಲಿ ಬರೆದಿಟ್ಟಿದ್ದಾನೆ. ಕ್ರೈಸ್ತನಲ್ಲದ ಲೂಸಿಯನ್ನನ ಬರಹ, ಕ್ರೈಸ್ತರ ಕೈಪಿಡಿ, ಎರಡೂ ಒಂದೇ ರೋಗವನ್ನು ಗುರುತಿಸಿವೆ.

ಬೆರೋಯ ಎಂಬ ಊರಿನವರ ಉದಾಹರಣೆ ಕನ್ನಡಿಗರಿಗೆ ಹತ್ತಿರದ್ದು. ಪೌಲನಂಥವನು ಬಂದು ಬೋಧಿಸಿದಾಗಲೂ ಅವರು ಅವನು ಹೇಳಿದ್ದು ಹಾಗೇ ಇದೆಯೋ ಎಂದು ದಿನಾಲು ಶಾಸ್ತ್ರ ತೆರೆದು ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಅದಕ್ಕಾಗಿಯೇ ಅವರನ್ನು ಹೊಗಳುತ್ತದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡದಲ್ಲಿ ಅಚ್ಚುಮಾಡಿದ ಫಲವಾಗಿ, ಬೋಧಕ ಹೇಳಿದ ಮಾತನ್ನು ಕೇಳುಗ ತನ್ನ ನುಡಿಯಲ್ಲೇ ತೆರೆದು ನೋಡುವುದು ಸಾಧ್ಯವಾಯಿತು. ಇಂದು ಮೊಬೈಲಿನಲ್ಲೂ ಕನ್ನಡ ಬೈಬಲ್ ಇದೆ. ಪ್ರಸಂಗಿ ಒಂದು ವಚನ ಹೇಳಿದಾಗ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದುವ ರೂಢಿಯೊಂದು ಬೆಳೆದರೆ ಬೀಜಕಾಣಿಕೆಯ ಅರ್ಧ ಬೋಧನೆ ಬಿದ್ದುಹೋಗುತ್ತದೆ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಬಹುದು.

ಇಲ್ಲಿ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸವಿಮಾತಿನ ಮೋಸ ಪೀಠದಿಂದ ಮಾತ್ರ ಬರುವುದಿಲ್ಲ. ಸಭೆ ಒಡೆದು ತನ್ನದೊಂದು ಗುಂಪು ಕಟ್ಟಬೇಕೆಂದವನು ‘ನಾನೇನು ಹೇಳಾಕ ಹೋಗೂದಿಲ್ಲ, ಆದ್ರ...’ ಎಂದು ಶುರುಮಾಡಿ ಒಳ್ಳೆಯ ಪಾಸ್ಟರ ಹೆಸರು ಕೆಡಿಸಬಲ್ಲ. ಈ ತಾಲ್ಲೂಕುಗಳಲ್ಲಿ ಗೊತ್ತಾದ ಸಂಬಳವಿಲ್ಲದೆ, ಸೈಕಲ್ ಮೋಟರಿನ ಪೆಟ್ರೋಲಿಗೂ ಪರದಾಡುತ್ತ, ರಾತ್ರಿ ಹೊತ್ತು ರೋಗಿಯನ್ನು ಬೆಳಗಾವಿಯ ಆಸ್ಪತ್ರೆಗೆ ಒಯ್ದು ಹೊರಗಿನ ಬೆಂಚಿನ ಮೇಲೆ ಮಲಗುವ ಪಾಸ್ಟರುಗಳಿದ್ದಾರೆ. ಅಂಥವರ ಮೇಲೆ ಗುಸುಗುಸು ಹಬ್ಬಿಸುವುದೂ ಮೋಸವೇ. ಅದಕ್ಕೇ ತಿಮೊಥೆಗೆ ಬರೆದ ಮೊದಲನೆಯ ಪತ್ರ ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕೆನ್ನುತ್ತದೆ. ತಪ್ಪು ಸಾಬೀತಾದರೆ ಎಲ್ಲರ ಮುಂದೆ ಗದರಿಸಬೇಕೆಂದೂ ಮುಂದಿನ ಮಾತಿನಲ್ಲೇ ಹೇಳುತ್ತದೆ. ಮೊದಲ ಭಾಗವನ್ನಷ್ಟೇ ಹೇಳಿ ಎರಡನೆಯದನ್ನು ನುಂಗುವವರನ್ನು ನಂಬಬಾರದು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳ ಮೇಲಿನ ಅಪರಾಧಗಳಿಗೆ ಸಭೆಯ ಪಂಚಾಯಿತಿ ಜಾಗವೇ ಅಲ್ಲ, ಅವು ನೇರವಾಗಿ ಪೊಲೀಸ್ ಠಾಣೆಗೆ ಹೋಗಬೇಕು. ಕ್ಷಮೆಯ ಹೆಸರಿನಲ್ಲಿ ಅಂಥ ದೂರನ್ನು ಸಭೆಯಲ್ಲೇ ಮುಚ್ಚಿಹಾಕುವವರು ಮೋಸದ ಪಾಲುದಾರರು.

ಸಭೆ ಬಿಟ್ಟು ಹೋದವರನ್ನು ಹೇಗೆ ಮಾತಾಡಿಸುತ್ತಾರೆ ಎಂಬುದರಲ್ಲೂ ಒಂದು ಸಭೆಯ ಆರೋಗ್ಯ ತಿಳಿಯುತ್ತದೆ. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ನೂರಾರು. ಅವರನ್ನು ಅಲ್ಲಿಗೆ ಒಯ್ದಿದ್ದ ಸಭಾನಾಯಕ ಜಿಮ್ ಜೋನ್ಸ್‌ನ ಬಗ್ಗೆ ಸಭೆ ಬಿಟ್ಟುಬಂದವರೂ ಬಂಧುಗಳೂ ಮುಂಚೆಯೇ ಎಚ್ಚರಿಸಿದ್ದರು. ಕ್ಯಾನ್ಸರ್ ಗಡ್ಡೆ ತೆಗೆದನೆಂಬ ಪವಾಡಗಳು ಕೋಳಿಯ ಒಳಾಂಗ ತೋರಿಸುವ ಕಣ್ಕಟ್ಟು ಎಂದು ಹೇಳಿದ್ದರು. ಅವರನ್ನೆಲ್ಲ ದ್ರೋಹಿಗಳೆಂದು ತಳ್ಳಿಹಾಕಲಾಯಿತು. ಹುಕ್ಕೇರಿಯ ಕೂಟವನ್ನು ಜೋನ್ಸ್‌ಟೌನಿಗೆ ಹೋಲಿಸುವುದು ಹುಚ್ಚುತನ. ಆದರೆ ಬಿಟ್ಟುಹೋದವಳ ಸಂಗಡ ಮಾತಾಡಬೇಡಿ, ಅವಳ ಫೋನ್ ಎತ್ತಬೇಡಿ, ಅವಳಿಗೆ ಸೈತಾನ ಹಿಡಿದಿದೆ ಎಂದು ಯಾರಾದರೂ ಹೇಳಿದರೆ ಅಂದೇ ಅವಳ ಮನೆಗೆ ಹೋಗಿ ಚಹಾ ಕುಡಿದು ಅವಳು ಹೇಳುವುದನ್ನು ಕೇಳಿ ಬರಬೇಕು.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಹೊರಗಿನ ಪ್ರಸಂಗಿಯನ್ನು ಕರೆಯುವ ಮುಂಚೆ ಅವನ ಸ್ವಂತ ಸಭೆಯಿಂದ ಒಂದು ಪತ್ರ ತರಿಸುವುದು, ಅವನಿಗೆ ಕೊಟ್ಟ ಕಾಣಿಕೆ ಎಷ್ಟೆಂದು ಮುಂದಿನ ಭಾನುವಾರ ಹೇಳುವುದು. ವಾಸಿಯಾಯಿತೆಂಬ ಸಾಕ್ಷಿಯನ್ನು ವಿಡಿಯೊ ಮಾಡಿ ಹರಡುವ ಮುಂಚೆ ವೈದ್ಯರ ಕಾಗದ ನೋಡುವುದು, ಮೂರು ತಿಂಗಳ ಮೇಲೆ ಅವರನ್ನು ಮತ್ತೆ ವಿಚಾರಿಸುವುದು. ಬ್ಯಾಂಕಿನ ಖಾತೆ ಸಭೆಯ ಹೆಸರಿನಲ್ಲಿರಲಿ, ಹಣ ತೆಗೆಯಲು ಪಾಸ್ಟರ ಮನೆಯವರಲ್ಲದ ಇಬ್ಬರ ಸಹಿ ಬೇಕಾಗಲಿ. ಆಸ್ತಿ ಒಬ್ಬನ ಹೆಸರಿನಲ್ಲಿದ್ದರೆ ಟ್ರಸ್ಟಿಗೆ ಬರೆಸುವುದು. ಹೆಣ್ಣುಮಕ್ಕಳಿಗೆ ಆಪ್ತ ಪ್ರಾರ್ಥನೆ ಬೇಕಿದ್ದಾಗ ಹಿರಿಯ ಹೆಂಗಸೊಬ್ಬಳು ಜೊತೆಗಿರುವುದು, ಬಾಗಿಲು ತೆರೆದಿರುವುದು. ಪಾಸ್ಟರ ಸಂಬಳವನ್ನು ನಾಚಿಕೆಯಿಲ್ಲದೆ ಮಾತಾಡಿ ನಿಗದಿ ಮಾಡುವುದೂ ಇದರಲ್ಲೇ ಸೇರುತ್ತದೆ. ಹೊಟ್ಟೆಗೆ ಸಾಲದಷ್ಟು ಕೊಟ್ಟು ಪ್ರಾಮಾಣಿಕನಾಗಿರು ಎನ್ನುವ ಸಭೆಗೂ ತನ್ನ ಪಾಲಿನ ಹೊಣೆಯಿದೆ.

ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಯುತ್ತದೆ. ಈ ಸಭೆಗಳಲ್ಲಿ ಕೂಡುವವರಲ್ಲಿ, ಮುಷ್ಟಿ ಅಕ್ಕಿ ತರುವವರಲ್ಲಿ, ದಶಮಾಂಶ ಎಣಿಸಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಲೆಕ್ಕದ ಪುಸ್ತಕ ತೆರೆಯುವ ದಿನ ಮಾತ್ರ ಅವರು ಒಲೆಯ ಮುಂದಿರುತ್ತಾರೆ. ಈ ವರ್ಷ ಕೆಲವು ಸಭೆಗಳಲ್ಲಾದರೂ ಅಡುಗೆಯನ್ನು ಗಂಡಸರು ನೋಡಿಕೊಂಡು, ಲೆಕ್ಕದ ಪುಸ್ತಕ, ರಸೀದಿಗಳ ಕಟ್ಟು, ಬ್ಯಾಂಕಿನ ಪಾಸ್‌ಬುಕ್ ಆ ಹೆಂಗಸರ ಕೈಗೆ ಬರಬೇಕು. ಅವರು ಕೇಳುವ ಪ್ರಶ್ನೆಗೆ ಪಾಸ್ಟರು ಎದ್ದು ನಿಂತು ಉತ್ತರ ಕೊಡಬೇಕು, ಪ್ರಶ್ನೆ ಮತ್ತು ಉತ್ತರ ಎರಡನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಬೇಕು.